ಅಮೆರಿಕಾ ಮರೆಸಿದ ಪಾಠವನ್ನು ಬಾಬಾಸಾಹೇಬರು ಓದಿದ್ದರು

ಪೋಸ್ಟ್ ಉದ್ದ ಇದೆ. ಪುರುಸೊತ್ತು ಮಾಡ್ಕೊಂಡು ಓದಿ.

ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ತಾಲ್ಲೂಕಿನ ಅಂಬೇಡ್ಕರ್ ಭವನದಲ್ಲಿ ಹಾಸ್ಟೆಲ್ ಮಕ್ಕಳ ಜೊತೆ ಕೂತು ಓದುತ್ತೇವೆ. ಒಂದು ವಾರ ಪೇಪರಿನ ಸುದ್ದಿ, ಒಂದು ವಾರ ಬಾಬಾಸಾಹೇಬರ ಬರಹ. ಈ ಫೆಬ್ರವರಿಯ ಒಂದು ಭಾನುವಾರ ನಾನು ಅಮೆರಿಕಾದ ಫಿಲಡೆಲ್ಫಿಯಾ ನಗರದ ಒಂದು ಸುದ್ದಿ ಹೇಳ್ತಾ ಇದ್ದೆ. ಪಿಯುಸಿ ಓದೋ ಹುಡುಗಿ ಒಬ್ಬಳು ಮಧ್ಯದಲ್ಲೇ ಕೇಳಿದಳು:

“ಅಣ್ಣಾ, ನಮ್ಮೂರ ಕಟಿಂಗ್ ಶಾಪಲ್ಲಿ ಇವತ್ತಿಗೂ ನಮ್ಮಣ್ಣಂಗೆ ಕಟಿಂಗ್ ಮಾಡಲ್ಲ. ಅವನು ಬಸ್ ಹತ್ತಿ ಟೌನಿಗೆ ಬಂದು ಮಾಡಿಸ್ಕೊಂಡು ಹೋಗ್ತಾನೆ. ಅಮೆರಿಕಾದಲ್ಲಿ ಯಾವ್ದೋ ಬೋರ್ಡು ಕಿತ್ತಾಕಿದ್ರೆ ನಮಗೇನಣ್ಣ ಆಗ್ಬೇಕು?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಉತ್ತರ ನನ್ನ ಹತ್ತಿರ ಇರಲಿಲ್ಲ. “ಮುಂದಿನ ವಾರ ಹೇಳ್ತೀನಿ ಕಣಮ್ಮ” ಅಂತ ತಪ್ಪಿಸಿಕೊಂಡೆ. ಆ ವಾರವೆಲ್ಲಾ ಕೂತು ಓದಿದೆ. ಓದಿದ ಮೇಲೆ ಗೊತ್ತಾಯ್ತು, ಆ ಬೋರ್ಡಿಗೂ ಅವಳ ಅಣ್ಣನ ತಲೆಕೂದಲಿಗೂ ಸಂಬಂಧ ಇದೆ. ದೂರದ ಸಂಬಂಧ ಅಲ್ಲ, ನೇರವಾದ ಸಂಬಂಧ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೀತಾ ಇದ್ದೀನಿ.

ಮೊದಲು ಸುದ್ದಿ ಏನು ಅಂತ ನೋಡೋಣ. ಫಿಲಡೆಲ್ಫಿಯಾ 1790ರಿಂದ 1800ರವರೆಗೆ ಅಮೆರಿಕಾದ ರಾಜಧಾನಿಯಾಗಿತ್ತು. ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಅಲ್ಲೊಂದು ಮನೆಯಲ್ಲಿ ವಾಸ ಇದ್ದರು. ಆ ಮನೆಯಲ್ಲಿ ಅವರ ಗುಲಾಮರಾಗಿ ಒಂಬತ್ತು ಜನ ಕಪ್ಪು ಹೆಂಗಸರು, ಗಂಡಸರು ದುಡೀತಾ ಇದ್ದರು. ಮನೆಯನ್ನು 1832ರಲ್ಲಿ ಕೆಡವಿದರು. ಆಮೇಲೆ ಒಂದು ಕಾಲದಲ್ಲಿ ಆ ಜಾಗದಲ್ಲಿ ಸಾರ್ವಜನಿಕ ಶೌಚಾಲಯ ಇತ್ತು! ಅಲ್ಲಿಂದ ಕೂಗಳತೆ ದೂರದಲ್ಲಿ ಅಮೆರಿಕಾದ ಸ್ವಾತಂತ್ರ್ಯದ ಗಂಟೆ ಇದೆ. ಅದನ್ನು ನೋಡೋಕೆ ಬರೋ ಜನಕ್ಕೆ ಈ ಒಂಬತ್ತು ಜನರ ಹೆಸರು ಕೂಡ ಗೊತ್ತಿರಲಿಲ್ಲ. ಆ ಊರಿನ ಕಪ್ಪು ಸಮುದಾಯ ವರ್ಷಗಟ್ಟಲೆ ಹೋರಾಟ ಮಾಡಿದ ಮೇಲೆ 2010ರಲ್ಲಿ ಅಲ್ಲೊಂದು ಸ್ಮಾರಕ ಆಯ್ತು. ಒಂಬತ್ತು ಹೆಸರು ಗೋಡೆಯ ಮೇಲೆ ಬಂದವು. ಗುಲಾಮಗಿರಿಯ ಕಥೆ ಹೇಳೋ ಫಲಕಗಳು ಬಂದವು.

2026ರ ಜನವರಿ 22ರಂದು ಕೇಂದ್ರ ಸರ್ಕಾರದ ಪಾರ್ಕ್ ಇಲಾಖೆಯ ಸಿಬ್ಬಂದಿ ಬಂದು ಆ ಫಲಕಗಳನ್ನು ಬಿಚ್ಚಿಕೊಂಡು ಹೋದರು. ನಗರಾಡಳಿತ ಅವತ್ತೇ ಕೋರ್ಟಿಗೆ ಹೋಯಿತು. ಫೆಬ್ರವರಿಯಲ್ಲಿ ಫೆಡರಲ್ ನ್ಯಾಯಾಧೀಶರು, ಫಲಕಗಳನ್ನು ಮತ್ತೆ ಹಾಕಿ ಅಂತ ಆದೇಶ ಕೊಟ್ಟರು. ಸರ್ಕಾರ ಮೇಲ್ಮನವಿಗೆ ಹೋಯಿತು.

ಆ ಫಲಕದಲ್ಲಿ ಇದ್ದದ್ದಾದರೂ ಏನು? ಒಂದು ಹೆಸರು ಮಾತ್ರ ಹೇಳ್ತೀನಿ: ಓನಾ ಜಡ್ಜ್. ವಾಷಿಂಗ್ಟನ್ ಹೆಂಡತಿಯ ಬಟ್ಟೆಬರೆ ನೋಡಿಕೊಳ್ತಿದ್ದ ಹುಡುಗಿ. ಪೆನ್ಸಿಲ್ವೇನಿಯಾ ರಾಜ್ಯದಲ್ಲಿ 1780ರ ಒಂದು ಕಾಯ್ದೆ ಇತ್ತು. ಹೊರರಾಜ್ಯದ ಮಾಲೀಕ ತನ್ನ ಗುಲಾಮರನ್ನು ಅಲ್ಲಿ ಆರು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅವರು ಬಿಡುಗಡೆ ಕೇಳಬಹುದಿತ್ತು. ಇದಕ್ಕೆ ವಾಷಿಂಗ್ಟನ್ ಕಂಡುಕೊಂಡ ಉಪಾಯ ಏನು ಗೊತ್ತಾ? ಆರು ತಿಂಗಳು ತುಂಬೋ ಮುಂಚೆ ಏನಾದರೂ ನೆಪ ಹೇಳಿ ಅವರನ್ನು ರಾಜ್ಯದ ಗಡಿ ದಾಟಿಸೋದು, ಮತ್ತೆ ಕರ್ಕೊಂಡು ಬರೋದು. ಇದು ಅವರಿಗೂ ಗೊತ್ತಾಗಬಾರದು, ಜನಕ್ಕೂ ಗೊತ್ತಾಗಬಾರದು ಅಂತ ತನ್ನ ಕಾರ್ಯದರ್ಶಿಗೆ 1791ರಲ್ಲಿ ಪತ್ರ ಬರೆದಿದ್ದರು. ದೇಶದ ಪಿತಾಮಹ, ಸ್ವಾತಂತ್ರ್ಯದ ಸೇನಾಪತಿ, ಮಾಡಿದ ಕೆಲಸ ಇದು.

ಓನಾಳನ್ನು ಯಜಮಾನಿಯ ಮೊಮ್ಮಗಳಿಗೆ ಮದುವೆ ಉಡುಗೊರೆಯಾಗಿ ಕೊಡೋದು ಅಂತ ತೀರ್ಮಾನವಾಯ್ತು. ಪಾತ್ರೆ, ಪೆಟ್ಟಿಗೆ ಕೊಟ್ಟ ಹಾಗೆ. ಅದು ಗೊತ್ತಾಗಿ 1796ರ ಮೇ 21ರಂದು, ಮನೆಯವರೆಲ್ಲಾ ಊಟಕ್ಕೆ ಕೂತಿದ್ದಾಗ, ಅವಳು ಬಾಗಿಲು ದಾಟಿ ನಡೆದುಬಿಟ್ಟಳು. ಹಡಗು ಹತ್ತಿ ನ್ಯೂ ಹ್ಯಾಂಪ್‌ಶೈರ್ ಸೇರಿದಳು. ಅವಳನ್ನು ಹಿಡಿದುಕೊಟ್ಟವರಿಗೆ ಹತ್ತು ಡಾಲರ್ ಬಹುಮಾನ ಅಂತ ಪತ್ರಿಕೆಯಲ್ಲಿ ಜಾಹೀರಾತು ಬಂತು. ಅಧ್ಯಕ್ಷರು ಅವಳನ್ನು ವಾಪಸ್ ತರಿಸೋಕೆ ಪ್ರಯತ್ನಪಟ್ಟರು, ಆಗಲಿಲ್ಲ. ಮುಂದೆ ಓದು ಕಲಿತಳು. ಮುದುಕಿಯಾದ ಮೇಲೆ ಪತ್ರಿಕೆಗಳಿಗೆ ತನ್ನ ಕಥೆ ತಾನೇ ಹೇಳಿದಳು. 1848ರಲ್ಲಿ ಸಾಯೋವರೆಗೂ ಕಾನೂನಿನ ಲೆಕ್ಕದಲ್ಲಿ ಅವಳು ಓಡಿಹೋದ ಗುಲಾಮಳೇ.

ಇಷ್ಟು ಸತ್ಯ ಹೇಳೋ ಫಲಕ ನೋಡಿದರೆ ಒಂದು ಸರ್ಕಾರಕ್ಕೆ ಭಯ ಯಾಕೆ?

ಇದು ಒಂದು ದಿನದ ಕೆಲಸವಲ್ಲ. 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ‘1619 ಪ್ರಾಜೆಕ್ಟ್’ ಅಂತ ಒಂದು ಸಂಚಿಕೆ ತಂದಿತು. ಅಮೆರಿಕಾದ ಕಥೆಯನ್ನು 1776ರ ಸ್ವಾತಂತ್ರ್ಯ ಘೋಷಣೆಯಿಂದ ಮಾತ್ರ ಶುರು ಮಾಡಬೇಡಿ, 1619ರಲ್ಲಿ ಆಫ್ರಿಕಾದ ಜನರನ್ನು ವರ್ಜೀನಿಯಾಕ್ಕೆ ತಂದು ಮಾರಿದ ಹಡಗಿನಿಂದಲೂ ನೋಡಿ ಅಂತ ನಿಕೋಲ್ ಹ್ಯಾನಾ ಜೋನ್ಸ್ ಎಂಬ ಪತ್ರಕರ್ತೆ ವಾದಿಸಿದರು. ಕೆಲವು ಹಿರಿಯ ಇತಿಹಾಸಕಾರರು ಅದರಲ್ಲಿನ ಕೆಲವು ಮಾತನ್ನು ಒಪ್ಪಲಿಲ್ಲ, ಪತ್ರ ಬರೆದರು. ಪತ್ರಿಕೆ ಒಂದು ವಾಕ್ಯವನ್ನು ತಿದ್ದಿತು ಕೂಡ. ಅದು ಸರಿಯಾದ ಕ್ರಮ. ಇತಿಹಾಸದಲ್ಲಿ ತಪ್ಪಿದ್ದರೆ ಪುರಾವೆ ಇಟ್ಟು ತಿದ್ದಬೇಕು, ನಮ್ಮದಾದರೂ ಅಷ್ಟೇ, ಅವರದಾದರೂ ಅಷ್ಟೇ.

ಆದರೆ ಅಧಿಕಾರದಲ್ಲಿದ್ದವರಿಗೆ ತಿದ್ದೋದು ಬೇಕಿರಲಿಲ್ಲ. ಟ್ರಂಪ್ ತಮ್ಮ ಮೊದಲ ಅವಧಿಯಲ್ಲಿ ‘1776 ಆಯೋಗ’ ಮಾಡಿದರು. 2021ರ ಜನವರಿ 18ರಂದು ಅದರ ವರದಿ ಬಂತು. ಎರಡೇ ದಿನಕ್ಕೆ ಬೈಡನ್ ಬಂದು ಆಯೋಗವನ್ನು ರದ್ದು ಮಾಡಿದರು. ಆಗ ಜಗಳ ರಾಜ್ಯಗಳಿಗೆ ಇಳಿಯಿತು. ಫ್ಲಾರಿಡಾ ರಾಜ್ಯ 2023ರ ಜನವರಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಇದ್ದ ಆಫ್ರಿಕನ್ ಅಮೆರಿಕನ್ ಅಧ್ಯಯನದ ಕೋರ್ಸನ್ನು ನಿರಾಕರಿಸಿತು. ಅದೇ ವರ್ಷ ಬಂದ ಅಲ್ಲಿನ ಪಠ್ಯ ಮಾನದಂಡದಲ್ಲಿ, ಗುಲಾಮರು ಕೆಲಸ ಕಲಿತರು, ಕೆಲವು ಸಂದರ್ಭದಲ್ಲಿ ಅದರಿಂದ ಅವರಿಗೇ ಲಾಭವಾಗಬಹುದಿತ್ತು ಅನ್ನೋ ಅರ್ಥದ ಮಾತು ಸೇರಿಸಿದರು. ಇದನ್ನು ಕೇಳಿದಾಗ ನನಗೆ ನಮ್ಮೂರ ಮಾತು ನೆನಪಾಯ್ತು: “ಜೀತಕ್ಕಿದ್ರೂ ಹೊಟ್ಟೆಗೆ ಹಾಕ್ತಿದ್ವಲ್ಲ.” ಜೀತ ಇಟ್ಟುಕೊಂಡವರ ಮನೆಯ ಭಾಷೆ ಎಲ್ಲಾ ದೇಶದಲ್ಲೂ ಒಂದೇ.

2025ರ ಮಾರ್ಚ್ 27ರಂದು ಟ್ರಂಪ್ ಮತ್ತೊಂದು ಆದೇಶ ಹೊರಡಿಸಿದರು. ಅಮೆರಿಕಾದ ಇತಿಹಾಸಕ್ಕೆ ಸತ್ಯವನ್ನೂ ವಿವೇಕವನ್ನೂ ಮರಳಿ ತರೋದು ಅಂತ ಅದರ ಹೆಸರು! ಸ್ಮಿತ್‌ಸೋನಿಯನ್ ಸಂಸ್ಥೆಯ ಮ್ಯೂಸಿಯಂಗಳಿಂದ, ಕಪ್ಪು ಜನರ ಇತಿಹಾಸದ ರಾಷ್ಟ್ರೀಯ ಮ್ಯೂಸಿಯಂ ಸೇರಿ, ಬೇಡದ ವಿಚಾರ ತೆಗೀಬೇಕು. ರಾಷ್ಟ್ರೀಯ ಪಾರ್ಕುಗಳಲ್ಲಿ ಹಿಂದಿನ ಅಮೆರಿಕನ್ನರನ್ನು ಹೀನಾಯವಾಗಿ ತೋರಿಸೋ ಬರಹ ಇರಬಾರದು. ಅಂಥದ್ದು ಕಂಡರೆ ತಿಳಿಸಿ ಅಂತ ಪಾರ್ಕುಗಳಲ್ಲಿ ಬೋರ್ಡು ಹಾಕಿ ಪ್ರವಾಸಿಗಳನ್ನೇ ಕೇಳಿದರು. ಫಿಲಡೆಲ್ಫಿಯಾದ ಫಲಕ ಹೋಗಿದ್ದು ಇದರ ಮುಂದುವರಿಕೆಯಾಗಿ. 2026ರ ಜುಲೈ 4ಕ್ಕೆ ಅಮೆರಿಕಾಕ್ಕೆ 250 ವರ್ಷ. ಹಬ್ಬಕ್ಕೆ ನೆಂಟರು ಬರೋ ಮುಂಚೆ ಮನೆಯ ಕೊಳಕನ್ನು ಮಂಚದ ಕೆಳಗೆ ತಳ್ತಾ ಇದ್ದಾರೆ.

“ಸರಿ ಅಣ್ಣಾ, ಇದರಲ್ಲಿ ನಮ್ಮಣ್ಣನ ಕಟಿಂಗ್ ಎಲ್ಲಿ ಬಂತು?” ಅಂತ ಹುಡುಗಿ ಮತ್ತೆ ಕೇಳಿದಳು. ಬಂತು, ತಡಿ.

ಈ ಥರ ಪಾಠ ಅಳಿಸೋದು ಅಮೆರಿಕಾದಲ್ಲಿ ಇದೇ ಮೊದಲಲ್ಲ. ಇದಕ್ಕಿಂತ ದೊಡ್ಡದಾಗಿ ಒಂದು ಸಲ ನಡೆದಿದೆ. ಅಂತರ್ಯುದ್ಧ ಮುಗಿದು 1865ರಲ್ಲಿ ಗುಲಾಮಗಿರಿ ರದ್ದಾಯ್ತು. ಅಲ್ಲಿಂದ 1877ರವರೆಗಿನ ಹನ್ನೆರಡು ವರ್ಷಕ್ಕೆ ‘ರೀಕನ್‌ಸ್ಟ್ರಕ್ಷನ್’, ಅಂದರೆ ಮರುನಿರ್ಮಾಣದ ಕಾಲ ಅಂತ ಹೆಸರು. ಆ ಹನ್ನೆರಡು ವರ್ಷದಲ್ಲಿ ಏನೇನಾಯ್ತು ನೋಡಿ. 1868ರ 14ನೇ ತಿದ್ದುಪಡಿಯಿಂದ ಪೌರತ್ವ, ಕಾನೂನಿನ ಮುಂದೆ ಸಮಾನತೆ. 1870ರ 15ನೇ ತಿದ್ದುಪಡಿಯಿಂದ ಕಪ್ಪು ಗಂಡಸರಿಗೆ ಮತದಾನದ ಹಕ್ಕು. ನಿನ್ನೆ ಮೊನ್ನೆ ಹರಾಜಿಗೆ ನಿಂತಿದ್ದ ಜನ ಶಾಸನಸಭೆಗೆ ಬಂದು ಕೂತರು. ಸೌತ್ ಕೆರೊಲಿನಾದ ಕೆಳಮನೆಯಲ್ಲಿ ಕಪ್ಪು ಸದಸ್ಯರದ್ದೇ ಬಹುಮತವಾಯ್ತು. ಮಿಸಿಸಿಪ್ಪಿಯಿಂದ ಹೈರಮ್ ರೆವೆಲ್ಸ್ 1870ರಲ್ಲಿ ದೇಶದ ಸೆನೆಟ್ ಸೇರಿದ ಮೊದಲ ಕಪ್ಪು ಮನುಷ್ಯ. ಬಡ ಬಿಳಿಯರ ಮಕ್ಕಳಿಗೂ ಸೇರಿಸಿ ದಕ್ಷಿಣದ ರಾಜ್ಯಗಳಲ್ಲಿ ಸರ್ಕಾರಿ ಶಾಲೆಯ ವ್ಯವಸ್ಥೆ ಬೇರೂರಿದ್ದು ಈ ಕಾಲದಲ್ಲೇ. ನಮ್ಮ ಜ್ಯೋತಿಬಾ ಫುಲೆಯವರು 1873ರಲ್ಲಿ ‘ಗುಲಾಮಗಿರಿ’ ಪುಸ್ತಕವನ್ನು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕಾದ ಜನರಿಗೆ ಅರ್ಪಿಸಿದಾಗ ಅಲ್ಲಿ ನಡೀತಾ ಇದ್ದದ್ದು ಇದೇ ಮರುನಿರ್ಮಾಣ. ಪುಣೆಯಲ್ಲಿ ಕೂತ ಆ ಮಾಲಿ ಸಮುದಾಯದ ಮೇಷ್ಟ್ರಿಗೆ ಅಷ್ಟು ದೂರದ ಬೆಳಕು ಕಂಡಿತ್ತು.

ಅದರಲ್ಲೊಂದು ಕಾಯ್ದೆ ಬಹಳ ಮುಖ್ಯ. 1875ರ ಮಾರ್ಚ್ 1ರ ನಾಗರಿಕ ಹಕ್ಕುಗಳ ಕಾಯ್ದೆ. ಛತ್ರ, ಹೋಟೆಲು, ನೆಲದ ಮೇಲೆ ನೀರಿನ ಮೇಲೆ ಓಡಾಡೋ ಸಾರಿಗೆ, ನಾಟಕಶಾಲೆ, ಜನ ಸೇರೋ ಮನರಂಜನೆಯ ಜಾಗ, ಇಲ್ಲೆಲ್ಲಾ ಬಣ್ಣದ ಕಾರಣಕ್ಕೆ, ಹಿಂದೆ ಗುಲಾಮರಾಗಿದ್ದರು ಅನ್ನೋ ಕಾರಣಕ್ಕೆ ಯಾರನ್ನೂ ತಡೆಯೋ ಹಾಗಿಲ್ಲ ಅಂತ ಅದು ಹೇಳಿತು. ಚಾರ್ಲ್ಸ್ ಸಮ್ನರ್ ಅನ್ನೋ ಸೆನೆಟರ್ ಇದಕ್ಕಾಗಿ ವರ್ಷಗಟ್ಟಲೆ ಹಟ ಹಿಡಿದು 1874ರಲ್ಲಿ ತೀರಿಹೋದರು. ಅವರ ಮೂಲ ಮಸೂದೆಯಲ್ಲಿ ಶಾಲೆಯೂ ಇತ್ತು. ಪಾಸಾಗೋ ಹೊತ್ತಿಗೆ ಶಾಲೆಯನ್ನು ಬಿಟ್ಟರು. ಇದನ್ನು ನೆನಪಿಟ್ಟುಕೊಳ್ಳಿ.

1877ರಲ್ಲಿ ಎರಡು ಪಕ್ಷಗಳು ಒಳಗೊಳಗೇ ರಾಜಿ ಮಾಡಿಕೊಂಡವು, ದಕ್ಷಿಣದ ಕಪ್ಪು ಜನರಿಗೆ ಇದ್ದ ಸೈನ್ಯದ ಕಾವಲು ಹೋಯಿತು. ಅದಕ್ಕೂ ಮುಂಚಿನಿಂದಲೇ ಕೊಲೆ, ಬೆಂಕಿ, ಮುಖ ಮುಚ್ಚಿಕೊಂಡ ಕ್ಲಾನ್‌ನವರ ದಾಳಿ ನಡೀತಾನೇ ಇತ್ತು. 1883ರಲ್ಲಿ ಸುಪ್ರೀಂ ಕೋರ್ಟು 1875ರ ಕಾಯ್ದೆಯ ಆ ಭಾಗವನ್ನೇ ಹೊಡೆದುಹಾಕಿತು. ಕೋರ್ಟಿನ ವಾದ ಏನು? ಸಂವಿಧಾನದ ತಿದ್ದುಪಡಿ ಸರ್ಕಾರವನ್ನು ಮಾತ್ರ ಕಟ್ಟಿಹಾಕುತ್ತೆ, ಖಾಸಗಿ ಹೋಟೆಲಿನವನು ಯಾರನ್ನು ಒಳಗೆ ಬಿಡಬೇಕು ಅನ್ನೋದು ಅವನಿಷ್ಟ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ: ಗುಲಾಮಗಿರಿಯಿಂದ ಹೊರಬಂದ ಮನುಷ್ಯ ಯಾವತ್ತಾದರೂ ಒಂದು ದಿನ ಕಾನೂನಿನ ವಿಶೇಷ ಮುದ್ದಿನ ಕೂಸಾಗಿರೋದನ್ನ ಬಿಟ್ಟು ಸಾಮಾನ್ಯ ಪ್ರಜೆಯಾಗಬೇಕು ಅನ್ನೋ ಧಾಟಿ. ಗುಲಾಮಗಿರಿ ಹೋಗಿ ಆಗಿನ್ನೂ ಹದಿನೆಂಟು ವರ್ಷ! “ಇನ್ನೂ ಎಷ್ಟು ವರ್ಷ ಮೀಸಲಾತಿ?” ಅಂತ ಕೇಳೋರು ಇವತ್ತು ಹೊಸದಾಗಿ ಹುಟ್ಟಿದವರಲ್ಲ ಗೆಳೆಯರೇ. ಆ ಪ್ರಶ್ನೆಗೆ ಬಹಳ ವಯಸ್ಸಾಗಿದೆ.

ಕಾಯ್ದೆ ಕೊಂದರೆ ಸಾಲದು, ಅದರ ನೆನಪನ್ನೂ ಕೊಲ್ಲಬೇಕು. ಆ ಕೆಲಸ ಮಾಡಿದ್ದು ಪಠ್ಯಪುಸ್ತಕ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಡನ್ನಿಂಗ್ ಎಂಬ ಪ್ರೊಫೆಸರ್ ಇದ್ದರು. ಅವರೂ ಅವರ ಶಿಷ್ಯರೂ ರಾಜ್ಯಕ್ಕೊಂದು ರಾಜ್ಯ ಹಿಡಿದು ಮರುನಿರ್ಮಾಣದ ಇತಿಹಾಸ ಬರೆದರು. ಸಾರ ಇಷ್ಟೇ: ಕಪ್ಪು ಜನಕ್ಕೆ ಆಳೋ ಯೋಗ್ಯತೆ ಇರಲಿಲ್ಲ, ಅವರಿಗೆ ವೋಟು ಕೊಟ್ಟಿದ್ದೇ ತಪ್ಪು, ಆ ಹನ್ನೆರಡು ವರ್ಷ ಬರೀ ಭ್ರಷ್ಟಾಚಾರ. ಇದು ಪ್ರೊಫೆಸರುಗಳ ಪುಸ್ತಕದಿಂದ ಶಾಲೆಯ ಪಾಠಕ್ಕೆ ಇಳಿಯಿತು. ಇನ್ನೊಂದು ಕಡೆ, ಗುಲಾಮಗಿರಿಯ ಪರ ಯುದ್ಧ ಮಾಡಿದ ಕುಟುಂಬಗಳ ಹೆಣ್ಣುಮಕ್ಕಳ ಸಂಘ 1894ರಲ್ಲಿ ಶುರುವಾಯ್ತು, ಯುನೈಟೆಡ್ ಡಾಟರ್ಸ್ ಆಫ್ ದಿ ಕಾನ್ಫೆಡರಸಿ ಅಂತ. ಅವರು ಪ್ರತಿಮೆ ನಿಲ್ಲಿಸಿದ್ದು ಎಲ್ಲರಿಗೂ ಗೊತ್ತು. ಅದಕ್ಕಿಂತ ದೊಡ್ಡ ಕೆಲಸ ಪಠ್ಯಪುಸ್ತಕಗಳ ಕಾವಲು ಕಾದಿದ್ದು. ಅವರ ಇತಿಹಾಸಗಾರ್ತಿ ಮಿಲ್ಡ್ರೆಡ್ ರುದರ್‌ಫರ್ಡ್ ಪುಸ್ತಕ ಅಳೆಯೋಕೆ ಒಂದು ಅಳತೆಗೋಲನ್ನೇ ಅಚ್ಚು ಹಾಕಿಸಿದರು. ದಕ್ಷಿಣದವರು ಗುಲಾಮರನ್ನು ಉಳಿಸಿಕೊಳ್ಳೋಕೆ ಯುದ್ಧ ಮಾಡಿದರು ಅಂತ ಇದ್ದರೆ ಆ ಪುಸ್ತಕ ತಿರಸ್ಕರಿಸಿ. ಮಾಲೀಕ ಕ್ರೂರಿ ಅಂತ ಇದ್ದರೆ ತಿರಸ್ಕರಿಸಿ. ಗ್ರಂಥಾಲಯದಲ್ಲಿ ಅಂಥ ಪುಸ್ತಕ ಇದ್ದರೆ, ಇದು ದಕ್ಷಿಣಕ್ಕೆ ಅನ್ಯಾಯ ಮಾಡಿದೆ ಅಂತ ಅದರ ಮೇಲೆ ಬರೀರಿ. ಇವತ್ತಿನ ಆದೇಶಗಳ ಅಜ್ಜಿ ಇದು.

ಈಗ ಕಥೆಗೆ ನಮ್ಮವರು ಬರ್ತಾರೆ. 1913ರ ಜುಲೈಯಲ್ಲಿ ಬರೋಡಾದ ವಿದ್ಯಾರ್ಥಿವೇತನ ಹಿಡಿದು ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ನ್ಯೂಯಾರ್ಕಿಗೆ ಬಂದಿಳಿದ. ಸೇರಿದ್ದು ಅದೇ ಕೊಲಂಬಿಯಾ ವಿಶ್ವವಿದ್ಯಾಲಯ. ಡನ್ನಿಂಗ್ ಇನ್ನೂ ಅಲ್ಲಿ ಪಾಠ ಮಾಡ್ತಾ ಇದ್ದರು. 1915ರಲ್ಲಿ ಕ್ಲಾನ್‌ನವರನ್ನು ವೀರರ ಹಾಗೆ ತೋರಿಸೋ ‘ದಿ ಬರ್ತ್ ಆಫ್ ಎ ನೇಷನ್’ ಸಿನಿಮಾ ಬಂತು. ಅದು ವೈಟ್ ಹೌಸಿನಲ್ಲೂ ಪ್ರದರ್ಶನವಾಯ್ತು, ನ್ಯೂಯಾರ್ಕಿನಲ್ಲೂ ಓಡಿತು. ಅಂದರೆ ಬಾಬಾಸಾಹೇಬರು ಅಮೆರಿಕಾದಲ್ಲಿ ಓದಿದ ಮೂರು ವರ್ಷ, ಈ ಸುಳ್ಳು ಇತಿಹಾಸ ಅತ್ಯಂತ ಬಲವಾಗಿದ್ದ ಕಾಲ. ಅವರ ಸುತ್ತಲಿನ ಗಾಳಿಯೇ ಅದಾಗಿತ್ತು.

ಅವರು ಅದನ್ನು ನಂಬಲಿಲ್ಲ. ಇದಕ್ಕೆ ನನ್ನ ಹತ್ತಿರ ಸಾಕ್ಷಿ ಇದೆ.

1930ರಲ್ಲಿ ಲಂಡನ್ನಿನ ಮೊದಲ ದುಂಡುಮೇಜಿನ ಪರಿಷತ್ತಿಗೆ ಬಾಬಾಸಾಹೇಬರು ಮತ್ತು ರೆಟ್ಟಮಲೈ ಶ್ರೀನಿವಾಸನ್ ಸೇರಿ ಒಂದು ಬೇಡಿಕೆ ಪಟ್ಟಿ ಕೊಟ್ಟರು. ಮುಂದೆ ಬರೋ ಸ್ವತಂತ್ರ ಭಾರತದ ಸಂವಿಧಾನದಲ್ಲಿ ನಿಮ್ನ ವರ್ಗಗಳಿಗೆ ಯಾವ ರಕ್ಷಣೆ ಬೇಕು ಅನ್ನೋ ಪಟ್ಟಿ. ಅದನ್ನು ಬಿಡಿಸಿ ನೋಡಿ. ಸಮಾನ ಪೌರತ್ವದ ಬೇಡಿಕೆಯ ಪಕ್ಕದಲ್ಲೇ ಮೂಲ ಅಂತ ಅಮೆರಿಕಾದ 14ನೇ ತಿದ್ದುಪಡಿಯ ಹೆಸರಿದೆ. ಅದರ ಕೆಳಗೆ ಇನ್ನೊಂದು ಕಲಮು. ಛತ್ರ, ಶಿಕ್ಷಣ ಸಂಸ್ಥೆ, ರಸ್ತೆ, ಬೀದಿ, ಕೆರೆ, ಬಾವಿ, ಸಾರಿಗೆ, ನಾಟಕಶಾಲೆ, ಇಲ್ಲೆಲ್ಲಾ ಅಸ್ಪೃಶ್ಯತೆಯ ಕಾರಣಕ್ಕೆ ತಡೆದರೆ ಅದು ಅಪರಾಧ, ಶಿಕ್ಷೆ ಆಗಬೇಕು. ಇದರ ಮೂಲ ಅಂತ ಅವರು ಬರೆದದ್ದು 1866ರ ಮತ್ತು 1875ರ ಮಾರ್ಚ್ 1ರ ಅಮೆರಿಕಾದ ನಾಗರಿಕ ಹಕ್ಕುಗಳ ಕಾಯ್ದೆಗಳು!

ಮೊದಲ ಸಲ ಇದನ್ನು ನೋಡಿದಾಗ ನಾನು ಪುಸ್ತಕ ಕೆಳಗಿಟ್ಟು ಸುಮ್ಮನೆ ಕೂತುಬಿಟ್ಟೆ. ಯೋಚನೆ ಮಾಡಿ. ಆ ಕಾಯ್ದೆ ಅದರ ಸ್ವಂತ ದೇಶದಲ್ಲಿ ಸತ್ತು ಆಗಲೇ 47 ವರ್ಷ ಆಗಿತ್ತು. ಆ ದೇಶದ ಮಕ್ಕಳಿಗೆ ಅದು ದೊಡ್ಡ ತಪ್ಪು ಅಂತ ಪಾಠ ಮಾಡ್ತಾ ಇದ್ದರು. ಒಬ್ಬ ಮಹಾರ್ ಮನುಷ್ಯ ಹೋಗಿ ಆ ಸತ್ತ ಕಾಯ್ದೆಯನ್ನು ಎತ್ತಿಕೊಂಡ. ಗುಲಾಮಗಿರಿಯ ಹಿಂದಿನ ಸ್ಥಿತಿ ಅನ್ನೋ ಕಡೆ ಅಸ್ಪೃಶ್ಯತೆಯ ಹಿಂದಿನ ಸ್ಥಿತಿ ಅಂತ ಬದಲಿಸಿದ. ಸಮ್ನರ್ ಸತ್ತ ಮೇಲೆ ಕೈಬಿಟ್ಟಿದ್ದ ಶಾಲೆಯನ್ನು ಮತ್ತೆ ಸೇರಿಸಿದ. ಅಮೆರಿಕಾದ ಕಾಯ್ದೆಯಲ್ಲಿ ಕೆರೆ, ಬಾವಿ ಇರಲಿಲ್ಲ. ಮೂರು ವರ್ಷದ ಹಿಂದೆ, 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಬೊಗಸೆ ನೀರು ಎತ್ತಿ ಕುಡಿದಿದ್ದ ಮನುಷ್ಯನ ಪಟ್ಟಿಯಲ್ಲಿ ಅವೂ ಬಂದವು.

ಆ ಪಟ್ಟಿ ಎಲ್ಲಿಗೆ ಬಂತು? ನಮ್ಮ ಸಂವಿಧಾನದ 15ನೇ ವಿಧಿಯ ಎರಡನೇ ಭಾಗ ಓದಿ. ಅಂಗಡಿ, ಹೋಟೆಲು, ಮನರಂಜನೆಯ ಜಾಗ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ. ಅದೇ ವಂಶ. ಅದರ ಪಕ್ಕದಲ್ಲೇ 17ನೇ ವಿಧಿ, ಅಸ್ಪೃಶ್ಯತೆ ನಿಷೇಧ. 1883ರಲ್ಲಿ ಅಮೆರಿಕಾದ ಕೋರ್ಟು ಯಾವ ತೂತಿನಲ್ಲಿ ಆ ಕಾಯ್ದೆಯನ್ನು ಕೆಡವಿತ್ತೋ, ಸರ್ಕಾರ ಮಾತ್ರ ಬದ್ಧ, ಖಾಸಗಿಯವನು ಅಲ್ಲ ಅನ್ನೋ ತೂತು, ನಮ್ಮ ಸಂವಿಧಾನದಲ್ಲಿ ಈ ಎರಡು ವಿಧಿ ಅದನ್ನು ಮುಚ್ಚಿವೆ. ನಮ್ಮಲ್ಲಿ ಹೋಟೆಲಿನವನೂ ಬದ್ಧ, ಅಂಗಡಿಯವನೂ ಬದ್ಧ. 1950ರ ಜನವರಿ 26ಕ್ಕೆ ನಮಗೆ ಬಂದ ಈ ಹಕ್ಕು, ಅಮೆರಿಕಾದ ಕಪ್ಪು ಜನಕ್ಕೆ ದೇಶವ್ಯಾಪಿ ಕಾನೂನಾಗಿ ಮರಳಿ ಸಿಕ್ಕಿದ್ದು 1964ರಲ್ಲಿ.

ಈಗ ಕಟಿಂಗ್ ಶಾಪಿಗೆ ಬರ್ತೀನಿ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಈ ವಿಧಿಯ ಮೇಲೆ ಚರ್ಚೆ ಆಯ್ತು. ‘ಅಂಗಡಿ’ ಅನ್ನೋ ಪದದಲ್ಲಿ ಕ್ಷೌರದಂಗಡಿ, ಬಟ್ಟೆ ಒಗೆಯೋ ಅಂಗಡಿ ಎಲ್ಲಾ ಬರುತ್ತಾ ಅಂತ ಪ್ರಶ್ನೆ ಬಂತು. ಬಾಬಾಸಾಹೇಬರು ಎದ್ದು ವಿವರಿಸಿದರು: ಇಲ್ಲಿ ಅಂಗಡಿ ಅಂದರೆ ಒಳಗೆ ಹೋಗೋ ಅನುಮತಿ ಅಷ್ಟೇ ಅಲ್ಲ. ಬಂದವರಿಗೆ ಸೇವೆ ಕೊಡ್ತೀನಿ ಅಂತ ಬಾಗಿಲು ತೆರೆದಿಟ್ಟ ಯಾವ ಜಾಗವಾದರೂ ಅಂಗಡಿಯೇ, ಅಲ್ಲಿ ಸೇವೆ ಕೊಡಲೇಬೇಕು.

ಇದನ್ನು ಹೇಳಿದಾಗ ಆ ಹುಡುಗಿ ನಗಲಿಲ್ಲ. “ನಮ್ಮೂರ ಅಂಗಡಿ ಬಗ್ಗೆನೇ ಮಾತಾಡಿದಾರಲ್ಲಣ್ಣ” ಅಂದಳು.

ಹೌದು ಕಣಮ್ಮ. ನಿನ್ನ ಅಣ್ಣ ಹುಟ್ಟೋ ಮುಂಚೆನೇ ಅವನ ಬಗ್ಗೆ ಮಾತಾಡಿದಾರೆ. ಆ ಮಾತಿನ ಒಂದು ಬೇರು ಮಹಾಡದ ಕೆರೆಯಲ್ಲಿದೆ, ಇನ್ನೊಂದು ಬೇರು ಅಮೆರಿಕಾ ಹರಿದುಹಾಕಿದ ಆ ಪುಟದಲ್ಲಿದೆ. ಅಲ್ಲಿಯ ಸುಳ್ಳನ್ನು ಬಾಬಾಸಾಹೇಬರೂ ನಂಬಿಬಿಟ್ಟಿದ್ದರೆ, ಆ ಪುಟವನ್ನು ಯಾರೂ ಉಳಿಸಿಕೊಳ್ಳದೇ ಇದ್ದಿದ್ದರೆ, ನಮ್ಮ ಪಟ್ಟಿ ಹೇಗಿರ್ತಿತ್ತೋ ಏನೋ. ನಮ್ಮಪ್ಪ ಹೋಟ್ಲಿನ ಹೊರಗೆ ಕುಕ್ಕರುಗಾಲಲ್ಲಿ ಕೂತು ತೆಂಗಿನ ಚಿಪ್ಪಲ್ಲಿ ಟೀ ಕುಡಿದವರು. ಚಿಪ್ಪನ್ನು ತಾವೇ ತೊಳೆದು ಸೂರಿಗೆ ಸಿಕ್ಕಿಸಿ ಬರಬೇಕಿತ್ತು. ಅದೇ ಹೋಟ್ಲಲ್ಲಿ ನಾನು ಗಾಜಿನ ಲೋಟದಲ್ಲಿ ಕುಡೀತೀನಿ. ಆ ಚಿಪ್ಪಿಗೂ ಈ ಲೋಟಕ್ಕೂ ನಡುವೆ ಎಷ್ಟು ಜನರ ಓದು, ಹೋರಾಟ ಇದೆ ಅಂತ ನನಗೆ ಯಾವ ಶಾಲೆಯೂ ಹೇಳಿಕೊಡಲಿಲ್ಲ. ನಾನು ಓದಿದ ಶಾಲೆಯಲ್ಲಿ ಅಂಬೇಡ್ಕರ್ ಪಾಠ ಬಂದಾಗ ಮೇಷ್ಟ್ರು, “ಇದು ಪರೀಕ್ಷೆಗೆ ಬರಲ್ಲ, ಮನೇಲಿ ಓದ್ಕೊಳ್ಳಿ” ಅಂದು ಪುಟ ಮಗುಚಿದರು. ಮನೇಲಿ ಪುಸ್ತಕ ಓದೋರು ಯಾರೂ ಇರಲಿಲ್ಲ.

ಅಮೆರಿಕಾದಲ್ಲಿ ಆ ಪುಟ ಹೇಗೆ ಉಳಿಯಿತು ಅಂತಲೂ ತಿಳಿಯಬೇಕು. ಕಾರ್ಟರ್ ವುಡ್ಸನ್ ಅಂತ ಒಬ್ಬರಿದ್ದರು. ಅಪ್ಪ ಅಮ್ಮ ಇಬ್ಬರೂ ಗುಲಾಮರಾಗಿದ್ದವರು. ಇವರು ಕಲ್ಲಿದ್ದಲು ಗಣಿಯಲ್ಲಿ ದುಡಿದು, ತಡವಾಗಿ ಹೈಸ್ಕೂಲು ಸೇರಿ, 1912ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದರು. ಬರ್ತ್ ಆಫ್ ಎ ನೇಷನ್ ಬಂದ 1915ರಲ್ಲೇ ಕಪ್ಪು ಜನರ ಇತಿಹಾಸದ ಸಂಘ ಕಟ್ಟಿದರು. 1926ರ ಫೆಬ್ರವರಿಯಲ್ಲಿ ‘ನೀಗ್ರೋ ಇತಿಹಾಸ ವಾರ’ ಶುರು ಮಾಡಿದರು. ಸರ್ಕಾರದ ಪಠ್ಯ ಬದಲಾಗಲಿ ಅಂತ ಕಾಯಲಿಲ್ಲ. ಕಪ್ಪು ಮೇಷ್ಟ್ರುಗಳಿಗೆ ಚಿತ್ರ, ಪುಸ್ತಕ, ಪಾಠದ ಟಿಪ್ಪಣಿ ತಲುಪಿಸಿದರು. ಅದೇ ಇವತ್ತಿನ ‘ಬ್ಲಾಕ್ ಹಿಸ್ಟರಿ ಮಂತ್’. ಫಿಲಡೆಲ್ಫಿಯಾದ ಫಲಕ ಬಿಚ್ಚಿದ್ದು ಅದರ ನೂರನೇ ವರ್ಷದ ಫೆಬ್ರವರಿಗೆ ಹತ್ತು ದಿನ ಬಾಕಿ ಇದ್ದಾಗ.

ಇನ್ನೊಬ್ಬರು ಡಬ್ಲ್ಯು.ಇ.ಬಿ. ಡುಬಾಯ್ಸ್. 1935ರಲ್ಲಿ ಅವರು ಮರುನಿರ್ಮಾಣದ ಬಗ್ಗೆ ದೊಡ್ಡ ಪುಸ್ತಕ ಬರೆದರು. ಕೊನೆಯ ಅಧ್ಯಾಯದಲ್ಲಿ ಶಾಲಾ ಪಠ್ಯಗಳನ್ನೇ ಮುಂದಿಟ್ಟುಕೊಂಡು, ಇತಿಹಾಸದ ಹೆಸರಲ್ಲಿ ಪ್ರಚಾರ ಹೇಗೆ ನಡೀತು ಅಂತ ಬಿಡಿಸಿಟ್ಟರು. ಆಗ ವಿಶ್ವವಿದ್ಯಾಲಯಗಳ ಬಿಳಿಯ ಪಂಡಿತರಲ್ಲಿ ಹೆಚ್ಚಿನವರು ಅದನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಇವತ್ತು ಡನ್ನಿಂಗ್ ಹೇಳಿದ್ದನ್ನು ಗಂಭೀರ ಇತಿಹಾಸಕಾರರು ಒಪ್ಪಲ್ಲ. ಡುಬಾಯ್ಸ್ ಪುಸ್ತಕ ಉಳಿದಿದೆ. 1946ರಲ್ಲಿ ಇದೇ ಡುಬಾಯ್ಸ್ ಅವರಿಗೆ ಬಾಬಾಸಾಹೇಬರು ಪತ್ರ ಬರೆದರು: ನಿಮ್ಮ ಜನರ ಪ್ರಶ್ನೆಯನ್ನು ನಾನು ಓದಿಕೊಂಡವನು, ನಿಮ್ಮ ಸ್ಥಿತಿಗೂ ನಮ್ಮ ಸ್ಥಿತಿಗೂ ಬಹಳ ಹೋಲಿಕೆ ಇದೆ, ವಿಶ್ವಸಂಸ್ಥೆಗೆ ನೀಗ್ರೋಗಳು ಕೊಟ್ಟ ಅರ್ಜಿಯ ಪ್ರತಿ ಬೇಕು ಅಂತ. ಜುಲೈ 31ರಂದು ಡುಬಾಯ್ಸ್ ಉತ್ತರ ಬರೆದರು, ಪ್ರತಿ ಕಳಿಸ್ತೀನಿ ಅಂತ ಒಪ್ಪಿದರು.

ಅಳಿಸೋರಿಗೂ ಈ ಸಂಬಂಧ ಗೊತ್ತಿದೆ. ಕ್ಯಾಲಿಫೋರ್ನಿಯಾದ ಆರನೇ ತರಗತಿಯಲ್ಲಿ ಪ್ರಾಚೀನ ಭಾರತದ ಪಾಠ ಇದೆ. 2005ರ ಸುಮಾರಿನಲ್ಲಿ ಒಮ್ಮೆ, 2016ರಲ್ಲಿ ಮತ್ತೊಮ್ಮೆ, ಅಲ್ಲಿನ ಕೆಲವು ಭಾರತೀಯ ಸಂಘಟನೆಗಳು ಜಾತಿಯ ಬಗ್ಗೆ, ದಲಿತರ ಬಗ್ಗೆ ಇರೋ ಮಾತು ತೆಗೀರಿ, ಮೆತ್ತಗೆ ಮಾಡಿ ಅಂತ ಒತ್ತಡ ಹಾಕಿದವು. ನಮ್ಮ ಮಕ್ಕಳಿಗೆ ಅವಮಾನ ಆಗುತ್ತೆ ಅನ್ನೋದು ಅವರ ಕಾರಣ. ಬೆಂಗಳೂರಿಂದ ಹೋದ ಕನ್ನಡದ ಮಕ್ಕಳೂ ಅಲ್ಲಿ ಓದ್ತಾವೆ. ಅಲ್ಲಿದ್ದ ನಮ್ಮ ದಲಿತ ಕುಟುಂಬಗಳು ಎದ್ದು ನಿಂತು, ಅವಮಾನ ಆಗಿದ್ದು ಯಾರಿಗೆ ಅಂತ ಕೇಳಿದವು. ಫ್ಲಾರಿಡಾದ ಬಿಳಿಯ ತಾಯಿತಂದೆಯರ ದೂರೂ ಇದೇ, ನಮ್ಮ ಮಗುವಿಗೆ ನಾಚಿಕೆ ಆಗುತ್ತೆ. ಗುಲಾಮನ ಮಗುವಿಗೆ, ಹೊಲೆಯರ ಮಾದಿಗರ ಮಗುವಿಗೆ ಏನಾಗುತ್ತೆ ಅಂತ ಕೇಳೋರಿಲ್ಲ.

ನಮ್ಮಲ್ಲೂ ನಡೆದಿದೆ, ಮರೀಬೇಡಿ. 2022ರ ಪಠ್ಯ ಪರಿಷ್ಕರಣೆಯಲ್ಲಿ ಒಂಬತ್ತನೇ ತರಗತಿಯ ಪುಸ್ತಕದಿಂದ ಬಾಬಾಸಾಹೇಬರ ಹೆಸರಿನ ಜೊತೆಗಿದ್ದ ‘ಸಂವಿಧಾನ ಶಿಲ್ಪಿ’ ಅನ್ನೋ ಮಾತು ಬಿಟ್ಟುಹೋಯ್ತು. ದೇವನೂರ ಮಹಾದೇವ ಅವರು ತಮ್ಮ ಬರಹಕ್ಕೆ ಕೊಟ್ಟ ಅನುಮತಿಯನ್ನೇ ವಾಪಸ್ ತಗೊಂಡರು. ನಾವೆಲ್ಲಾ ಬೀದಿಗೆ ಇಳಿದೆವು. ಆ ಮಾತು ಮರಳಿ ಸೇರಿಸ್ತೀವಿ ಅಂತ ಸರ್ಕಾರ ಹೇಳಬೇಕಾಯ್ತು. ಒಂದು ಪದಕ್ಕೆ ಇಷ್ಟು ಗಲಾಟೆ ಯಾಕೆ ಅಂತ ಆಗ ನನ್ನ ಸ್ನೇಹಿತರೇ ಕೆಲವರು ಕೇಳಿದ್ದರು. ಯಾಕೆ ಅಂದ್ರೆ, ಕಾಯ್ದೆ ಯಾರು ಬರೆದರು, ಯಾಕೆ ಬರೆದರು ಅನ್ನೋದು ಮರೆತರೆ ಕಾಯ್ದೆ ಕಾಗದವಾಗುತ್ತೆ. 1883ರ ಅಮೆರಿಕಾ ಇದನ್ನು ತೋರಿಸಿದೆ. ಮೊದಲು ಕೋರ್ಟು ಕಾಯ್ದೆ ತೆಗೀತು, ಆಮೇಲೆ ಪಾಠ ಅದರ ನೆನಪು ತೆಗೀತು, ಅದನ್ನು ಮತ್ತೆ ಕೇಳೋಕೆ ಎಂಬತ್ತು ವರ್ಷ ಹಿಡೀತು. ಆ ಎಂಬತ್ತು ವರ್ಷದಲ್ಲಿ ಎಷ್ಟು ಜನರನ್ನು ಮರಕ್ಕೆ ನೇತುಹಾಕಿದರು.

ನಮ್ಮಲ್ಲಿ 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಗೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರಾಯ್ತು. ಕರ್ನಾಟಕದಲ್ಲಿ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ಅಂತ ಪೊಲೀಸ್ ವಿಭಾಗವೇ ಇದೆ. ಆ ‘ನಾಗರಿಕ ಹಕ್ಕು’ ಅನ್ನೋ ಎರಡು ಪದ 1866ರ, 1875ರ ಕಾಯ್ದೆಗಳ ಹೆಸರಲ್ಲೂ ಇವೆ. ಬಾಗಿಲ ಮೇಲೆ ಹೆಸರಿದೆ. ಒಳಗೆ ಹೋಗಿ ದೂರು ಕೊಡೋಕೆ ಧೈರ್ಯ ಬೇಕು.

ಸುಳ್ಳು ಹೇಳಲ್ಲ. ಆ ಹುಡುಗಿಯ ಅಣ್ಣ ಇನ್ನೂ ದೂರು ಕೊಟ್ಟಿಲ್ಲ. “ಅದೇ ಊರಲ್ಲಿ ಬದುಕಬೇಕಲ್ಲಣ್ಣ, ಅಪ್ಪ ಅವರ ತೋಟಕ್ಕೇ ಕೂಲಿಗೆ ಹೋಗ್ತಾನೆ” ಅಂತಾನೆ. ಅವನ ಮೇಲೆ ಒತ್ತಡ ಹಾಕೋ ಹಕ್ಕು ನನಗಿಲ್ಲ. ಭೂಮಿ ಇಲ್ಲದ ಹಕ್ಕು ಕುಂಟುತ್ತೆ ಅಂತಲೂ ಅಮೆರಿಕಾದ ಅದೇ ಹನ್ನೆರಡು ವರ್ಷ ಹೇಳುತ್ತೆ. ಬಿಡುಗಡೆಯಾದ ಗುಲಾಮರಿಗೆ ಜಮೀನು ಸಿಗಲಿಲ್ಲ, ಹಳೇ ಯಜಮಾನನ ಹೊಲಕ್ಕೇ ಪಾಲಿಗೆ ಹೋದರು. ಸಂಘದವರು ಅವನ ಜೊತೆ ಮಾತಾಡ್ತಾ ಇದ್ದೀವಿ. ಅವನು ಯಾವತ್ತು ಹೂಂ ಅಂತಾನೋ ಅವತ್ತು ಎಲ್ಲರೂ ಜೊತೆಗೆ ಹೋಗ್ತೀವಿ.

ಆದರೆ ಅವನ ತಂಗಿ ಒಂದು ಕೆಲಸ ಮಾಡಿದಾಳೆ. 15ನೇ ವಿಧಿಯ ಎರಡನೇ ಭಾಗವನ್ನು ದಪ್ಪ ಅಕ್ಷರದಲ್ಲಿ ಬರೆದು ಹಾಸ್ಟೆಲ್ ಗೋಡೆಗೆ ಅಂಟಿಸಿದಾಳೆ. ಕೆಳಗೆ 1875, 1927, 1930, 1948, 1950 ಅಂತ ಐದು ಇಸವಿ. ಯಾರಾದರೂ “ಇದೇನು ಲೆಕ್ಕ?” ಅಂತ ಕೇಳಿದರೆ ಕೂರಿಸಿಕೊಂಡು ಕಥೆ ಹೇಳ್ತಾಳಂತೆ. ಓನಾ ಜಡ್ಜ್‌ಳಿಂದ ಶುರು ಮಾಡ್ತಾಳಂತೆ.

ಈ ಸಲ ಏಪ್ರಿಲ್ 14ಕ್ಕೆ ಡಿಜೆ ಹಾಕಿ, ಬೇಡ ಅನ್ನಲ್ಲ. ಹಾರ ಹಾಕಿ, ಪಾಯಸ ಮಾಡಿ. ಅದರ ಜೊತೆ ಅರ್ಧ ಗಂಟೆ ಕೂತು 1930ರ ಆ ಬೇಡಿಕೆ ಪಟ್ಟಿಯನ್ನು ಮಕ್ಕಳಿಗೆ ಓದಿ ಹೇಳಿ. ನಿಮ್ಮ ಊರಲ್ಲಿ ಆ ಪಟ್ಟಿಯ ಯಾವ ಜಾಗ ಇನ್ನೂ ಮುಚ್ಚಿದೆ ಅಂತ ಮಕ್ಕಳನ್ನೇ ಕೇಳಿ. ಅವರು ಹೇಳ್ತಾರೆ, ಬರ್ಕೊಳ್ಳಿ.

ನಿಮ್ಮೂರ ಉತ್ತರವನ್ನು ಕೆಳಗೆ ಬರೀರಿ. ಜಾಗದ ಹೆಸರು ಹಾಕೋಕೆ ಭಯ ಇದ್ದರೆ ತಾಲ್ಲೂಕು ಮಾತ್ರ ಹಾಕಿ ಸಾಕು.

ಜೈ ಭೀಮ್.